ತೊಳೆದ ಗೂಡು

ಮೂರನೆಯ ಮರಿ ಸತ್ತ ಬೆಳಿಗ್ಗೆ ಓನರ್ ಮಗ ಮೋಹನ್ ಕುಮಾರ್ ನಮ್ಮ ಬಾಗಿಲಿಗೆ ಬಂದು, ಇಲಿ ಪಾಷಾಣದ ಖಾಲಿ ಪೊಟ್ಟಣವೊಂದನ್ನು ನನ್ನ ಅತ್ತೆಯ ಮುಖಕ್ಕೆ ಹಿಡಿದ.

"ಟೆರೇಸಲ್ಲಿ ಟ್ಯಾಂಕ್ ಹಿಂದೆ ಬಿದ್ದಿತ್ತು. ಯಾರದಿದು?"

ನಮ್ಮದಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನಮ್ದರೀ. ಮ್ಯಾಲ ಇಟ್ಟಿದ್ದ ಜ್ವಾಳದ ಚೀಲ ಇಲಿ ಕಡೀತಿದ್ವು ಅಂತ ನನ್ನ ಮಗ ಇಟ್ಟಿದ್ದ. ಎರಡ ದಿನ ಬಿಟ್ಟು ನಾನ ತಗದ ಒಗದೇನಿ," ಎಂದರು. ಸುಳ್ಳು ಹೇಳಲು ಬಾರದವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು.

"ಒಗೆದಿದ್ರೆ ಇದು ಅಲ್ಲಿ ಹೆಂಗೆ ಬಂತು? ದಿನಾ ಮೊಲಕ್ಕೆ ಸೊಪ್ಪು ಹಾಕೋರು ನೀವೇ. ಬೇರೆ ಯಾರೂ ಮೇಲೆ ಹೋಗಲ್ಲ. ನಮ್ಮಮ್ಮ ಮಕ್ಕಳ ಥರ ಸಾಕ್ತಾ ಇದಾರೆ, ನೀವು ವಿಷ ಹಾಕ್ತೀರಾ?"

ಮೆಟ್ಟಿಲ ಮೇಲೆ ನಿಂತು ಕೂಗಿದ್ದರಿಂದ ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿ ಸುತ್ತ ಇದ್ದವರೆಲ್ಲ ಕತ್ತೆತ್ತಿ ನೋಡಿದರು. ಅವನ ಹಿಂದೆ ಅವನ ತಾಯಿ ಲಕ್ಷ್ಮಿದೇವಮ್ಮ ಸತ್ತ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಮಗ ಬೈದಿದ್ದು ನನಗೆ ಅಷ್ಟು ತಾಗಲಿಲ್ಲ. ಅವನ ಬಾಯಿ ಮೂಡಲಪಾಳ್ಯಕ್ಕೇ ಗೊತ್ತು. ಆದರೆ ಲಕ್ಷ್ಮಿದೇವಮ್ಮ "ಸುಮ್ನಿರೋ" ಎನ್ನುತ್ತಾರೆ ಎಂದು ಕಾದೆ. ಅವರು ಅನ್ನಲಿಲ್ಲ. ಅತ್ತೆಯೂ ಅದನ್ನೇ ಕಾಯುತ್ತಿದ್ದರು ಅಂತ ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ," ಎಂದು ಮೋಹನ್ ಕುಮಾರ್ ಇಳಿದು ಹೋದ.

ನಾವು ರೋಣದ ಕಡೆಯವರು. ನನ್ನ ಗಂಡ ಬಾಳೇಶ ಮನೆಮನೆಗೆ ಊಟದ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿ ಬೆಳಿಗ್ಗೆ ಗಾಡಿ ಹತ್ತಿದರೆ ರಾತ್ರಿಯೇ ಇಳಿಯುವುದು. ನಾನು ವಿಜಯನಗರದ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಜನರ ರಕ್ತ, ಮೂತ್ರ, ಮಲ, ಎಲ್ಲವನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ ವರದಿ ಮಾಡುವುದು ನನ್ನ ಹೊಟ್ಟೆಪಾಡು. ಅತ್ತೆ, ಅಕ್ಕವ್ವ, ಊರಿನಲ್ಲಿ ಒಬ್ಬರೇ ಯಾಕೆಂದು ಜೊತೆಗೇ ಬಂದವರು, ಸುಮ್ಮನೆ ಕೂರಲಾಗದೆ ಜೋಳದ ರೊಟ್ಟಿ ಬಡಿದು ಕೊಡಲು ಶುರುಮಾಡಿದ್ದರು. ಒಂದು ವರ್ಷದಲ್ಲಿ ಅರ್ಧ ಬೀದಿಗೆ ಅವರ ರೊಟ್ಟಿಯೇ. ಈ ಊರಿನಲ್ಲಿ ಅತ್ತೆಗೆ ಒಂದು ಹೆಸರು ಅಂತ ಇದ್ದರೆ ಅದು ಅವರ ಕೈಯಿಂದ ಬಂದದ್ದು.

ಆ ಸಂಜೆ ರೊಟ್ಟಿ ಒಯ್ಯಲು ಯಾರೂ ಬರಲಿಲ್ಲ. ಎದುರುಮನೆಯವರು ಫೋನ್ ಮಾಡಿ ಇವತ್ತು ಬೇಡ ಎಂದರು. ಪಕ್ಕದ ಬಿಲ್ಡಿಂಗಿನವರು ಫೋನನ್ನೂ ಮಾಡಲಿಲ್ಲ. ಮೊಲಕ್ಕೆ ವಿಷ ಹಾಕಿದ ಕೈ ರೊಟ್ಟಿಗೆ ಏನು ಹಾಕೀತು ಎಂದು ಜನ ಯೋಚಿಸಿದ್ದು ನನಗೆ ಅರ್ಥವಾಯಿತು, ಅರ್ಥವಾಗಿದ್ದರಿಂದಲೇ ಮೈ ಉರಿಯಿತು. ಅತ್ತೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಗೋಡೆಗೆ ಒರಗಿ ಕೂತರು.

"ಬ್ಯಾರೆ ಮನಿ ನೋಡೂಣು," ಎಂದರು.

"ಯಾಕ ಹೋಗಬೇಕ ಅತ್ತಿ? ಈಗ ಹೋದ್ರ ಹೌದು ನಾವ ಹಾಕೇವಿ ಅಂದಂಗಾಕ್ಕೈತಿ."

ನನಗೆ ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಖಾಲಿ ಪೊಟ್ಟಣವನ್ನು ಬಾಳೇಶನೇ ಅಲ್ಲಿ ಎಸೆದಿರಬೇಕು, ಪಾಷಾಣ ಅಲ್ಲಿ ಇದ್ದದ್ದೂ ನಿಜ. ಅತ್ತೆ ತೆಗೆಯುವ ಮೊದಲೇ ಒಂದು ಚೂರು ಗೂಡಿನ ಹತ್ತಿರ ಉರುಳಿದ್ದರೆ?

ಗೂಡು ಟೆರೇಸಿನ ಮೂಲೆಯಲ್ಲಿ, ಶೀಟಿನ ನೆರಳಿನಲ್ಲಿತ್ತು. ಮೋಹನ್ ಕುಮಾರ್ ಮಗಳಿಗೆಂದು ತಂದ ಜೋಡಿ ಮೊಲ. ಮಗಳಿಗೆ ಅದರ ಹುಚ್ಚು ಬೇಗ ಬಿಟ್ಟಿತು, ಅಜ್ಜಿಗೆ ಹಿಡಿಯಿತು. ಈ ಬಿಲ್ಡಿಂಗ್ ನಿಂತಿರುವ ಜಾಗದಲ್ಲಿ ಹಿಂದೆ ಅವರ ಕೊಟ್ಟಿಗೆ ಇತ್ತಂತೆ. ದನ ಹೋದ ಮೇಲೆ ಬೆಳಗಾಗೆದ್ದು ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದವರಿಗೆ ಮೊಲ ಸಿಕ್ಕಿದ್ದೇ ಸಿಕ್ಕಿದ್ದು. ಕೊಟ್ಟಿಗೆಯನ್ನು ಹೇಗೆ ಎರಡು ಹೊತ್ತು ತೊಳೆಯುತ್ತಿದ್ದರೋ ಹಾಗೆಯೇ ಗೂಡನ್ನೂ ಪೈಪ್ ಹಿಡಿದು ಎರಡು ಹೊತ್ತು ತೊಳೆಯುತ್ತಿದ್ದರು. ಹಲಗೆಯ ಮೇಲೆ ಒಂದು ಹಿಕ್ಕೆ ಕಂಡರೆ ಮತ್ತೆ ಪೈಪ್. ಅತ್ತೆ ಮಾರ್ಕೆಟ್ಟಿನಿಂದ ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು ತಂದು ಹಾಕುವರು, ಲಕ್ಷ್ಮಿದೇವಮ್ಮ ತೊಳೆಯುವರು, ಮಧ್ಯೆ ಇಬ್ಬರೂ ಕೂತು ಹರಟುವರು. ಮೊದಮೊದಲು ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಮಾತು ನಿಲ್ಲುತ್ತಿರಲಿಲ್ಲ. ಮರಿಗಳು ಬಂದಾಗ ಇಬ್ಬರೂ ಸೇರಿ ಹೆಸರಿಟ್ಟಿದ್ದರು. ಆ ಮರಿಗಳು ತಾಯಿಯ ಹಾಲು ಬಿಟ್ಟು ಸೊಪ್ಪು ತಿನ್ನಲು ಕಲಿತ ಮೇಲೆ ಒಂದೊಂದಾಗಿ ಹೊಟ್ಟೆ ಉಬ್ಬಿ, ತೆಳ್ಳಗೆ ಭೇದಿಯಾಗಿ, ಮೂಲೆ ಹಿಡಿದು ಸಾಯತೊಡಗಿದವು.

ಮರುದಿನ ಕೆಲಸಕ್ಕೆ ಹೊರಡುವ ಮೊದಲು ನಾನು ಮೇಲೆ ಹೋಗಿ, ಗೂಡಿನಿಂದ ನಾಲ್ಕು ಹಿಕ್ಕೆ ಎತ್ತಿ ಸ್ಯಾಂಪಲ್ ಡಬ್ಬಿಗೆ ಹಾಕಿಕೊಂಡೆ. ಮನುಷ್ಯರ ಲ್ಯಾಬಿನಲ್ಲಿ ಮೊಲದ ಹಿಕ್ಕೆ ನೋಡಿದ್ದು ಮೇಲಿನವರಿಗೆ ಗೊತ್ತಾದರೆ ನನ್ನನ್ನು ಅಲ್ಲೇ ಬೀಳ್ಕೊಡುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚಿದಾಗ ನಾನು ಬೇರೆ ಡಬ್ಬಿ ಬಿಚ್ಚಿದೆ. ಒಂದು ಹನಿ ಸಲೈನಿನಲ್ಲಿ ಕಲಸಿ ಸ್ಲೈಡ್ ಮಾಡಿ ಕಣ್ಣಿಟ್ಟೆ.

ತುಂಬಿತ್ತು. ಎಲ್ಲಿ ನೋಡಿದರೂ ಉದ್ದುದ್ದ ಮೊಟ್ಟೆಯಾಕಾರದವು, ಒಂಟಿ, ಜೋಡಿ, ಸಾಲು. ಜನರ ಮಲದಲ್ಲಿ ಅಷ್ಟು ಪರಾವಲಂಬಿ ಕಂಡರೆ ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಪಾಷಾಣವಲ್ಲ. ಹೊಟ್ಟೆಯ ಹುಳ.

ಸಂಜೆ ನೇರ ಕೆಳಮನೆಗೆ ಹೋದೆ. ಮೋಹನ್ ಕುಮಾರ್ ಸೋಫಾದಲ್ಲಿದ್ದ, ಲಕ್ಷ್ಮಿದೇವಮ್ಮ ಬೀನ್ಸ್ ಮುರಿಯುತ್ತಿದ್ದರು. ಫೋನಿನಲ್ಲಿ ತೆಗೆದ ಚಿತ್ರ ತೋರಿಸಿ, "ನೋಡಿ ಅಣ್ಣ, ನಿಮ್ ಮೊಲದ ಹೊಟ್ಟೆ ತುಂಬ ಪರಾವಲಂಬಿ. ದಿನಾ ಇದೇ ಕೆಲಸ ಮಾಡೋಳು ನಾನು. ನಮ್ಮತ್ತೆ ಮೇಲೆ ಅಷ್ಟು ದೊಡ್ಡ ಮಾತು ಅಂದ್ರಲ್ಲ, ಈಗೇನಂತೀರಿ?" ಎಂದೆ. ಸ್ವಲ್ಪ ಸೊಕ್ಕಿನಿಂದಲೇ ಅಂದೆ.

ಅವನು ಚಿತ್ರ ನೋಡಿದ. "ಆಯ್ತು. ಮೊಲದ ಡಾಕ್ಟರ್ ಹತ್ರ ತೋರಿಸೋಣ. ನೀವೂ ಬನ್ನಿ."

ಚಂದ್ರಾ ಲೇಔಟಿನಲ್ಲಿ ಪಶುವೈದ್ಯ ಡಾಕ್ಟರ್ ಮುರಳೀಕೃಷ್ಣ ಅವರ ಕ್ಲಿನಿಕ್. ನಾಯಿ ಬೆಕ್ಕುಗಳ ಗದ್ದಲದ ನಡುವೆ ಅವರು ನನ್ನ ಫೋನನ್ನು ಹತ್ತಿರ ಹಿಡಿದು ನೋಡಿದರು. ಆಮೇಲೆ ನಾನು ತಂದಿದ್ದ ಹಿಕ್ಕೆಯನ್ನು ತಾವೇ ನೋಡಿದರು.

"ಇದು ಪರಾವಲಂಬಿ ಅಲ್ಲಮ್ಮ. ಒಂಥರಾ ಯೀಸ್ಟ್. ಆರೋಗ್ಯವಾಗಿರೋ ಮೊಲದ ಹೊಟ್ಟೇಲೂ ಇರುತ್ತೆ. ಮನುಷ್ಯರ ಲ್ಯಾಬಿನವರು ಮೊದಲ ಸಲ ನೋಡಿದ್ರೆ ಮೋಸ ಹೋಗ್ತಾರೆ."

ಮೋಹನ್ ಕುಮಾರ್ ನನ್ನ ಕಡೆ ತಿರುಗಿದ. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಹಂಗಾದ್ರೆ ವಿಷಾನೇ ಅಲ್ವಾ ಸಾರ್?" ಎಂದು ಅವನು ಕೇಳಿದ.

"ಹಂಗೂ ಹೇಳಕ್ಕಾಗಲ್ಲ. ಇದು ದೊಡ್ಡ ಮೊಲದ ಹಿಕ್ಕೆ. ನನಗೆ ಬೇಕಾಗಿರೋದು ಕಾಯಿಲೆ ಬಿದ್ದ ಮರೀದು. ಇನ್ನೊಂದು ಏನಾದ್ರೂ ಹೋದ್ರೆ ಹೂತು ಹಾಕ್ಬೇಡಿ, ತಕ್ಷಣ ತನ್ನಿ. ಕೊಯ್ದು ನೋಡಿದ್ರೆ ಪಾಷಾಣಾನೋ ಕಾಯಿಲೇನೋ ಗೊತ್ತಾಗುತ್ತೆ."

ವಾಪಸ್ ಬರುವಾಗ ಕಾರಿನಲ್ಲಿ ಅವನು ಒಂದೇ ಮಾತು ಆಡಿದ. "ಅತ್ತೇನ ಉಳಿಸ್ಕೊಳಕ್ಕೆ ಏನೇನೋ ತೋರಿಸ್ಬೇಡಿ." ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅಳು ಬಂದರೆ ಅವನಿಗೆ ಕಾಣಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಅತ್ತೆಯ ಮೇಲಿದ್ದ ಅನುಮಾನಕ್ಕೆ ನಾನು ನೀರೆರೆದು ಬಂದಿದ್ದೆ.

ಈಗ ಅತ್ತೆಯ ಹೆಸರು ಉಳಿಯಬೇಕಾದರೆ ಇನ್ನೊಂದು ಮರಿ ಸಾಯಬೇಕಿತ್ತು. ಇಂಥದ್ದಕ್ಕೆ ಕಾಯುವ ಪಾಡು ಯಾರಿಗೂ ಬೇಡ. ಮೆಟ್ಟಿಲ ಮೇಲೆ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದೆ. ಸತ್ತಿದೆ ಎಂದು ಬಂದರೋ ಎಂಬ ಹೆದರಿಕೆ ಒಂದು ಕಡೆ, ಸತ್ತಿರಲಿ ಎಂಬ ಆಸೆ ಇನ್ನೊಂದು ಕಡೆ. ಸತ್ತ ಮರಿಯ ಹೊಟ್ಟೆಯಲ್ಲಿ ಪಾಷಾಣವೇ ಸಿಕ್ಕಿಬಿಟ್ಟರೆ ಎಂಬುದು ಮೂರನೆಯದು. ಅತ್ತೆ ಮಾತ್ರ ದಿನವೂ ಎಂದಿನಂತೆ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಿದ್ದರು. ಒಯ್ಯುವವರಿರಲಿಲ್ಲ. ಮೇಲೆ ಹೋಗುವುದನ್ನು ಬಿಟ್ಟಿದ್ದರು, ಆದರೆ ತಲೆಯ ಮೇಲೆ ಪೈಪಿನ ನೀರು ಬೀಳುವ ಸದ್ದಾದಾಗ ಬಡಿಯುವ ಕೈ ನಿಲ್ಲುತ್ತಿತ್ತು.

ಭಾನುವಾರ ಮಧ್ಯಾಹ್ನ ಲಕ್ಷ್ಮಿದೇವಮ್ಮ ತಾವೇ ನಮ್ಮ ಬಾಗಿಲಿಗೆ ಬಂದರು. ಮಗ ಮನೆಯಲ್ಲಿರಲಿಲ್ಲ. ಮಡಿಲಲ್ಲಿ ಒಂದು ಮರಿ, ಹೊಟ್ಟೆ ಡಬ್ಬದಂತೆ ಉಬ್ಬಿ, ಹಿಂಗಾಲು ಸೆಟೆದು, ಇನ್ನೂ ಉಸಿರಾಡುತ್ತಿತ್ತು.

"ಬಾರಮ್ಮ ಶಿಲ್ಪಾ, ಡಾಕ್ಟ್ರ ತಾವ ಹೋಗಣ," ಎಂದರು. ಅತ್ತೆಯ ಕಡೆ ನೋಡಲಿಲ್ಲ. ಅತ್ತೆಯೇ ಎದ್ದು ಒಂದು ಹಳೆ ಹತ್ತಿ ಸೀರೆಯ ತುಂಡನ್ನು ತಂದು ಮರಿಗೆ ಹೊದಿಸಿದರು. ಇಬ್ಬರ ಕೈಗಳೂ ಒಂದು ಗಳಿಗೆ ಮರಿಯ ಮೇಲೆ ಇದ್ದವು. ಲಕ್ಷ್ಮಿದೇವಮ್ಮ ತಮ್ಮ ಕೈ ಎಳೆದುಕೊಳ್ಳಲಿಲ್ಲ.

ಆಟೋದಲ್ಲಿ ನಾಗರಭಾವಿ ಸರ್ಕಲ್ ದಾಟುವಾಗ ಮರಿ ಒಮ್ಮೆ ಜೋರಾಗಿ ಒದರಿ ತಣ್ಣಗಾಯಿತು. ಲಕ್ಷ್ಮಿದೇವಮ್ಮ ಅದರ ಕಿವಿಯನ್ನು ಸವರುತ್ತಲೇ ಇದ್ದರು. "ಏನ್ ಕಮ್ಮಿ ಮಾಡಿದ್ದೆ ನಿಂಗೆ," ಎಂದು ಅದಕ್ಕೇ ಕೇಳಿದರು.

ಡಾಕ್ಟರ್ ಕೊಯ್ಯುತ್ತಾರೆ ಎಂದಾಗ ಅವರು ನೋಡಲಾರೆ ಎಂದು ಹೊರಗೆ ಬೆಂಚಿನ ಮೇಲೆ ಕೂತರು. ನಾನು ಒಳಗೆ ನಿಂತೆ. ಹೆಣ ಕೊಯ್ಯುವುದು ನನಗೆ ಹೊಸದು, ಆದರೂ ಕಣ್ಣು ಕೀಳಲಿಲ್ಲ. ಡಾಕ್ಟರ್ ಕರುಳನ್ನು ಬೆರಳಿನಲ್ಲಿ ಸರಿಸಿ ತೋರಿಸಿದರು. ಅದರ ಮೈಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ, ಒಳಗೆ ಬರೀ ನೀರು.

"ಇಲಿ ಪಾಷಾಣ ಆಗಿದ್ರೆ ಒಳಗೆಲ್ಲ ರಕ್ತ ಸೋರಿರೋದು. ಅದಿಲ್ಲ ನೋಡಿ," ಎಂದು, ಕರುಳಿನದನ್ನು ಗಾಢ ಉಪ್ಪುನೀರಿನಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೆ ತೇಲಿದ್ದನ್ನು ಸ್ಲೈಡಿಗೆ ತೆಗೆದುಕೊಂಡರು. "ಈಗ ನೋಡಿ. ನೀವು ಮೊನ್ನೆ ನೋಡಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ."

ನೋಡಿದೆ. ಇವು ದೊಡ್ಡವು, ದುಂಡಗೆ, ಸುತ್ತ ಗಟ್ಟಿ ಗೋಡೆ, ಒಳಗೊಂದು ಮುದ್ದೆ. ಕಾಕ್ಸಿಡಿಯಾ, ಇದು ನಿಜವಾದ ಪರಾವಲಂಬಿ ಎಂದರು. ಕೈ ಮುಗಿದುಬಿಟ್ಟೆ, ಯಾರಿಗೆ ಎಂದು ಗೊತ್ತಿಲ್ಲ.

"ನನ್ನ ಹತ್ರ ಬರೋ ಸಾಕಿದ ಮೊಲಗಳಲ್ಲಿ ಬಹಳಷ್ಟರ ಹೊಟ್ಟೇಲಿ ಇದು ಇದ್ದೇ ಇರುತ್ತೆ. ದೊಡ್ಡವು ತಡ್ಕೊಂಡು ಓಡಾಡ್ಕೊಂಡಿರ್ತವೆ. ಹಾಲು ಬಿಟ್ಟ ಮರಿಗಳು ತಡ್ಕೊಳಲ್ಲ. ಮನುಷ್ಯರಿಗೆ ಅಂಟಲ್ಲ, ಹೆದರ್ಬೇಡಿ. ಗೂಡಿನ ನೆಲ ಹೆಂಗಿರುತ್ತೆ? ಒಣಗಿರುತ್ತಾ?"

"ತುಂಬ ಕ್ಲೀನ್ ಸಾರ್. ಆಂಟಿ ಎರಡು ಹೊತ್ತು ಪೈಪ್ ಹಾಕಿ ತೊಳೀತಾರೆ."

ಅವರು ಕೈಗವಸು ಬಿಚ್ಚುವುದನ್ನು ನಿಲ್ಲಿಸಿದರು. "ಅದೇ ಆಗಿರೋದು. ಇದು ಹಿಕ್ಕೇಲಿ ಹೊರಗೆ ಬಂದಾಗ ಅಪಾಯ ಇಲ್ಲ. ಒದ್ದೆ ನೆಲ, ಸ್ವಲ್ಪ ಬೆಚ್ಚಗೆ ಇದ್ರೆ ಒಂದೆರಡು ದಿನದಲ್ಲಿ ಬಲಿಯುತ್ತೆ. ತಣ್ಣೀರಿಗೆ ಸಾಯಲ್ಲ, ಹಲಗೆ ಸಂದಿಗೆಲ್ಲ ಹರಡ್ಕೊಳುತ್ತೆ. ಅದನ್ನ ಮರಿ ನೆಕ್ಕುತ್ತೆ. ಒಣಗೋಕೆ ಬಿಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ. ನೀರಿಗೆ ಹಾಕಕ್ಕೆ ಔಷಧಿ ಕೊಡ್ತೀನಿ, ಆದ್ರೆ ನೆಲ ಒದ್ದೆ ಇದ್ರೆ ಔಷಧಿನೂ ವೇಸ್ಟ್. ಒಂದ್ಸಲ ಕುದಿಯೋ ನೀರು ಹಾಕಿ, ಚೆನ್ನಾಗಿ ಒಣಗಿಸಿ. ಆಮೇಲೆ ಹಿಕ್ಕೆ ದಿನಾ ಗುಡಿಸಿ ತೆಗೀರಿ. ಪೈಪ್ ಮುಟ್ಬೇಡಿ."

ಹೊರಗೆ ಬಂದು ಲಕ್ಷ್ಮಿದೇವಮ್ಮನಿಗೆ ವಿಷವಲ್ಲ, ಕಾಯಿಲೆ ಎಂದೆ. ಅವರು ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ ನಮ್ಮಪ್ಪ. ಅಕ್ಕವ್ವನ ಮುಖ ಎಂಗೆ ನೋಡ್ಲಿ," ಎಂದರು. ಆಮೇಲೆ, "ಈ ಕಾಯಿಲೆ ಎಲ್ಲಿಂದ ಬಂತು ಅಂತ ಹೇಳಿದ್ರಾ?" ಎಂದು ಕೇಳಿದರು.

ನಾಲಿಗೆಯ ತುದಿಯಲ್ಲಿತ್ತು. ನಾನು ನುಂಗಿಕೊಂಡೆ. ಕನಿಕರದಿಂದಲ್ಲ. ಇದನ್ನು ಆಟೋದಲ್ಲಿ ಮೆಲ್ಲಗೆ ಹೇಳಿ ಮುಗಿಸಬಾರದು, ಮೋಹನ್ ಕುಮಾರ್ ನಿಂತಿದ್ದ ಅದೇ ಮೆಟ್ಟಿಲ ಮೇಲೆ ನಿಂತು, ತರಕಾರಿ ಗಾಡಿ ಬಂದ ಹೊತ್ತಿಗೆ, ಬೀದಿಗೆ ಕೇಳುವಂತೆ ಹೇಳಬೇಕು ಎಂದು ಲೆಕ್ಕ ಹಾಕಿದ್ದೆ. ದಾರಿಯುದ್ದಕ್ಕೂ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದೆ. ನಿಮ್ಮ ತಾಯಿಯೇ ಕೊಂದದ್ದು, ನಮ್ಮ ಅತ್ತೆಯಲ್ಲ. ಇಷ್ಟು ಸಾಕಿತ್ತು.

ಮನೆಯಲ್ಲಿ ಮೊದಲು ಅತ್ತೆಗೆ ಹೇಳಿದೆ. ಕೇಳಿ ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಸಣ್ಣಗಾಯಿತು.

"ಆಕೀಗ ಹೇಳಿದೇನು?"

"ಇಲ್ಲ. ಮಗನ ಮುಂದ ಹೇಳತೀನಿ, ಎಲ್ಲಾರೂ ಕೇಳ್ಲಿ."

"ಹೇಳಬ್ಯಾಡ."

"ಯಾಕ ಅತ್ತಿ? ನಿಮ್ಮ ರೊಟ್ಟಿ ಯಾರೂ ಒಯ್ಯವಲ್ರು. ಬೀದ್ಯಾಗ ನಿಮ್ಮನ್ನ ನೋಡಿ ಮಂದಿ ಮಾರಿ ತಿರಗಸ್ತಾರ."

"ಮಂದಿ ನನಗ ಅಂದ್ರು, ನಾ ತಡಕೊಂಡೆ. ನಾ ಮಾಡಿಲ್ಲಂತ ನನಗ ಗೊತ್ತಿತ್ತು, ಅದರ ಮ್ಯಾಲ ತಡಕೊಂಡೆ. ಆಕಿ ಯಾವದರ ಮ್ಯಾಲ ತಡಕೋಬೇಕು? ಕೈಯಾರ ಸಾಕಿದವು ಶಿಲ್ಪಾ. ನಾನ ಕೊಂದೆ ಅಂತ ಗೊತ್ತಾದ್ರ ಆಕಿ ಹೆಂಗ ಉಣಬೇಕು?"

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯತನ ಯಾರಿಗೆ ಬೇಕಾಗಿದೆ? "ಹೇಳದಿದ್ರ ನಾಳೆ ಮತ್ತ ಪೈಪ್ ಹಿಡೀತಾರ. ಗೂಡಿನ್ಯಾಗ ಹೆಣ್ಣು ಮೊಲ ಮತ್ತ ಈಯಾಕ ಬಂದೈತಿ, ಮೈಮ್ಯಾಲಿನ ಕೂದಲಾ ಕಿತ್ತು ಹಾಸಿಕೊಳ್ಳಾಕತ್ತೈತಿ. ಆ ಮರಿನೂ ಸಾಯ್ತಾವ. ಆವಾಗ ಮತ್ತ ನಿಮ್ಮ ಹೆಸರ ಬರ್ತೈತಿ."

ಅತ್ತೆ ಬುಟ್ಟಿಯಲ್ಲಿದ್ದ ರೊಟ್ಟಿಗಳ ಮೇಲಿನ ಬಟ್ಟೆ ಸರಿಮಾಡಿದರು. ಆಮೇಲೆ, "ಮುಂಜಾನಿ ನಾ ಮ್ಯಾಲ ಹೋಗತೀನಿ. ನೀ ಬಾಯಿ ಬಿಡಬ್ಯಾಡ," ಎಂದರು.

ಬೆಳಿಗ್ಗೆ ನಾನೂ ಹಿಂದೆಯೇ ಹತ್ತಿದೆ. ಮೊಲ ಮರಿ ಹಾಕಿತ್ತು. ಕಣ್ಣು ಬಿಡದ ಕೆಂಪು ಮರಿಗಳು ಕೂದಲಿನ ನಡುವೆ ಮಿಸುಕಾಡುತ್ತಿದ್ದವು. ಲಕ್ಷ್ಮಿದೇವಮ್ಮ ನಲ್ಲಿಗೆ ಪೈಪ್ ಸಿಕ್ಕಿಸಿ ತಿರುಗಿದರು. ಗೂಡಿನ ಬಾಗಿಲಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು. ಆ ಕೂಗಾಟದ ದಿನದ ಮೇಲೆ ಅವರಿಬ್ಬರೂ ಅಲ್ಲಿ ಎದುರುಬದುರಾದದ್ದು ಅದೇ ಮೊದಲು. ಪೈಪಿನಿಂದ ನೀರು ಸುರಿದು ಅತ್ತೆಯ ಕಾಲ ಹತ್ತಿರ ಹರಿಯಿತು.

"ಸರ್ಕ ಅಕ್ಕವ್ವ. ಮರಿ ಹಾಕೈತೆ, ರಕ್ತ ಗಿಕ್ತ ಎಲ್ಲ ತೊಳೀಬೇಕು."

"ನೀರ ಹಾಕಬ್ಯಾಡ್ರಿ ಅಕ್ಕಾರ."

"ಯಾಕೆ? ನಮ್ ಗೂಡು ನಾನು ತೊಳೀಬಾರ್ದಾ?"

ಅವರ ದನಿ ಗಡುಸಾಗಿತ್ತು. ತಪ್ಪಾಯಿತು ಎನ್ನಲು ಬಂದು, ಅದು ಬಾಯಿಗೆ ಬಾರದೆ ಸಿಡುಕಾಗಿದೆ ಎಂದು ನನಗನ್ನಿಸಿತು. ಅವರು ಇನ್ನೊಂದು ಮಾತು ಹೆಚ್ಚು ಆಡಿದ್ದರೆ ಡಾಕ್ಟರ್ ಅಂದದ್ದನ್ನು ನಾನು ಹೇಳಿಯೇಬಿಡುತ್ತಿದ್ದೆ.

ಅತ್ತೆ ಕದಲಲಿಲ್ಲ. "ಬಾಣಂತಿ ಐತಿ ಅದು. ಬಾಣಂತಿ ಕೋಣ್ಯಾಗ ಯಾರರ ತಣ್ಣೀರ ಹಾಕತಾರೇನ್ರಿ? ನಿಮ್ಮ ಕಡೆ ಹಾಕತಾರೇನು? ನಮ್ಮ ಕಡೆ ಕುದಿಯೂ ನೀರು, ಕೆಂಡದ ಕಾವು, ಬೇವಿನ ಹೊಗಿ. ಸಣ್ಣವು ಗಟ್ಟಿ ಆಗೂ ತನಕಾ ನೆಲಾ ಒಣಗೇ ಇರಬೇಕು."

ಲಕ್ಷ್ಮಿದೇವಮ್ಮ ಅತ್ತೆಯನ್ನೇ ನೋಡಿದರು. ಆಮೇಲೆ ಬಗ್ಗಿ ನಲ್ಲಿ ತಿರುಗಿಸಿದರು.

"ನಮ್ ಕಡೇನೂ ಅಂಗೇ ಕಣವ್ವ," ಎಂದರು. "ನಂಗೆ ಒಳೀಲೇ ಇಲ್ಲ ನೋಡು."

ಆ ದಿನ ಮೊಲವನ್ನೂ ಮರಿಗಳನ್ನೂ ಬುಟ್ಟಿಗೆ ಹಾಕಿ, ಹಂಡೆಗಟ್ಟಲೆ ಕುದಿಯುವ ನೀರನ್ನು ಇಬ್ಬರೂ ಸೇರಿ ಹಲಗೆ ಹಲಗೆಗೆ ಹುಯ್ದರು. ಬಿಸಿಲಿಗೆ ಒಣಹಾಕಿದರು, ಒಣಗದ ಸಂದಿಗೆ ಅಗ್ಗಿಷ್ಟಿಕೆ ಇಟ್ಟರು. ನಾನು ಔಷಧಿಯನ್ನು ಕುಡಿಯುವ ನೀರಿಗೆ ಬೆರೆಸಿದೆ. ಡಾಕ್ಟರ್ ಹೇಳಿದ್ದೆಲ್ಲ ಬಾಣಂತನದ ಹೆಸರಿನಲ್ಲಿ ನಡೆಯಿತು.

ವಿಷವಲ್ಲ, ಕಾಯಿಲೆ ಎಂದು ತಾಯಿಯಿಂದ ತಿಳಿದ ಮೋಹನ್ ಕುಮಾರ್ ಸಂಜೆ ಬಂದ. ಬೀದಿಗೆ ಕೇಳಿಸುವಂತೆ ಕೂಗಿದವನು ಮೆಟ್ಟಿಲ ಮೇಲೆ ಪಿಸುಗುಟ್ಟುವ ದನಿಯಲ್ಲಿ, "ಸಾರಿ ಆಂಟಿ, ಮನೆ ಖಾಲಿ ಮಾಡೋದೇನೂ ಬೇಡ," ಎಂದು ಇಳಿದು ಹೋದ. ಮನೆ ಉಳಿಯಿತು. ಹೆಸರು ಉಳಿಯಲಿಲ್ಲ. ಪಿಸುಮಾತು ಬೀದಿಗೆ ಮುಟ್ಟುವುದಿಲ್ಲ. ಡಾಕ್ಟರು ಏನೋ ಹೇಳುತ್ತಾರೆ, ಪಾಷಾಣದ ಪೊಟ್ಟಣ ಸಿಕ್ಕಿದ್ದು ಸುಳ್ಳೇ ಎಂದು ಎದುರುಮನೆಯವರು ಗೇಟಿನಲ್ಲಿ ನಿಂತು ಮಾತಾಡಿದ್ದು ನನ್ನ ಕಿವಿಗೇ ಬಿತ್ತು. ಅತ್ತೆ ನಮ್ಮ ಮೂವರಿಗೆ ಸಾಕಾಗುವಷ್ಟೇ ಹಿಟ್ಟು ನಾದತೊಡಗಿದರು. ದಿನವೂ ಕೆಲಸಕ್ಕೆ ಹೋಗುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡು ತಲೆ ಅಲ್ಲಾಡಿಸುತ್ತಿದ್ದರು.

ಮರಿಗಳು ಕಣ್ಣು ಬಿಟ್ಟವು. ಗೂಡಿನ ತುಂಬ ಓಡಾಡಿದವು. ಹಾಲು ಬಿಟ್ಟು ಸೊಪ್ಪಿಗೆ ಬಾಯಿ ಹಾಕಿದ ದಿನದಿಂದ ನಾವು ಮೂವರು ಹೆಂಗಸರೂ ದಿನ ಎಣಿಸತೊಡಗಿದೆವು. ಲಕ್ಷ್ಮಿದೇವಮ್ಮ ಬೆಳಿಗ್ಗೆ ಸಂಜೆ ಒಂದೊಂದನ್ನೂ ಎತ್ತಿ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಹಿಂದಿನವು ಸಾಯತೊಡಗಿದ ವಯಸ್ಸು ಬಂತು. ದಾಟಿತು. ಒಂದೂ ಸಾಯಲಿಲ್ಲ.

ಒಂದು ಸಂಜೆ ಮೂವರೂ ಟೆರೇಸಿನಲ್ಲಿ ಕೂತಿದ್ದೆವು. ಲಕ್ಷ್ಮಿದೇವಮ್ಮ ಪೊರಕೆ ಹಿಡಿದು ಗೂಡು ಗುಡಿಸಿ ಮುಗಿಸಿದ್ದರು. ಒಂದು ಮರಿಯನ್ನು ಮಡಿಲಿಗೆ ಹಾಕಿಕೊಂಡು ಅದರ ಹೊಟ್ಟೆ ಸವರುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು.

"ಅಕ್ಕವ್ವ. ಈ ಸಲ ಒಂದೇ ಒಂದು ದಿನಾನೂ ನೀರು ಹುಯ್ಲಿಲ್ಲ."

"ಹೌದರೀ."

"ಒಂದೂ ಹೋಗ್ಲಿಲ್ಲ."

ಅತ್ತೆ ಸೊಪ್ಪು ಬಿಡಿಸುತ್ತಲೇ ಇದ್ದರು. "ಔಷಧ ಕೊಟ್ಟೇವಲ್ರಿ," ಎಂದರು. ಸುಳ್ಳು ಹೇಳಲು ಬಾರದವರು ಮೊದಲ ಸಲ ಸುಳ್ಳಿನ ಹತ್ತಿರ ಬಂದಿದ್ದರು, ಅದೂ ಸರಿಯಾಗಿ ಬರಲಿಲ್ಲ. ಲಕ್ಷ್ಮಿದೇವಮ್ಮ ನನ್ನ ಕಡೆ ತಿರುಗಿದರು.

"ಶಿಲ್ಪಾ, ನೀನು ಹೇಳು. ಅವತ್ತು ನಾನು ಹೊರಗೆ ಕೂತಿದ್ದೆ. ಡಾಕ್ಟ್ರು ನಿಂಗೆ ಏನು ಹೇಳಿದ್ರು?"

ಇಷ್ಟು ದಿನ ಬಾಯಲ್ಲಿ ಕಾದಿಟ್ಟುಕೊಂಡಿದ್ದ ಮಾತು. ಈಗ ಅವರ ಮುಖ ನೋಡಿದರೆ ಅದನ್ನು ಆಡಲು ನಾಲಿಗೆ ಏಳಲಿಲ್ಲ. ಆದರೆ ಸುಳ್ಳು ಹೇಳಲೂ ಆಗಲಿಲ್ಲ.

"ಒದ್ದೆ ನೆಲದಲ್ಲಿ ಆ ಹುಳ ಬೆಳೆಯುತ್ತೆ ಅಂದ್ರು ಆಂಟಿ. ಪೈಪ್ ಮುಟ್ಬೇಡಿ ಅಂದ್ರು."

"ಅವತ್ತೇ ಗೊತ್ತಿತ್ತಾ?"

"ಹೂಂ."

"ಅಕ್ಕವ್ವಂಗೂ?"

ನಾನು ಅತ್ತೆಯ ಕಡೆ ನೋಡಿದೆ. ಲಕ್ಷ್ಮಿದೇವಮ್ಮ ಮರಿಯನ್ನು ಗೂಡಿಗೆ ಬಿಟ್ಟು ಬಾಗಿಲು ಹಾಕಿದರು. ಎದ್ದು ಮೆಟ್ಟಿಲಿಳಿದರು. ಅತ್ತೆ "ಅಕ್ಕಾರ" ಎಂದು ಕರೆದರು, ಅವರು ನಿಲ್ಲಲಿಲ್ಲ. ಈ ವಯಸ್ಸಿನಲ್ಲಿ ಏನಾದರೂ ಮಾಡಿಕೊಂಡರೆ ಎಂದು ಹಿಂದೆ ಓಡಲು ಏಳುವಷ್ಟರಲ್ಲಿ ಕೆಳಗಿನಿಂದ ಗೇಟು ತೆರೆದ ಸದ್ದಾಯಿತು, ಆಮೇಲೆ ಅವರ ದನಿ.

"ಯಾರ್ಯಾರು ಇದೀರಿ, ಎಲ್ಲಾ ಬನ್ರಮ್ಮ ಇಲ್ಲಿ. ಬನ್ನಿ."

ನಾನೂ ಅತ್ತೆಯೂ ಗೋಡೆಯ ಮೇಲಿಂದ ಬಗ್ಗಿ ನೋಡಿದೆವು. ತರಕಾರಿ ಗಾಡಿಯ ಹತ್ತಿರ ಇದ್ದವರು, ಎದುರುಮನೆಯವರು, ಅಂಗಡಿಯವರು, ಎಲ್ಲರೂ ತಿರುಗಿದ್ದರು. ಲಕ್ಷ್ಮಿದೇವಮ್ಮ ಬೀದಿಯ ನಡುವೆ ನಿಂತಿದ್ದರು.

"ನಮ್ಮನೆ ಮೊಲಕ್ಕೆ ಅಕ್ಕವ್ವ ವಿಷ ಹಾಕಿದ್ಲು ಅಂತ ಮಾತಾಡ್ಕೊಂಡ್ರಲ್ಲ, ಅದು ಸುಳ್ಳು. ಸಾಯಿಸಿದ್ದು ನಾನು. ಎರಡು ಹೊತ್ತೂ ತಣ್ಣೀರು ಹುಯ್ದು, ಆ ಒದ್ದೇಲಿ ಹುಳ ಬೆಳೆಸಿ, ನಾನೇ ಕೈಯಾರೆ ಸಾಯಿಸಿದ್ದು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ ಹೆಸರು ಹೇಳ್ಲಿಲ್ಲ, ನಿಮ್ ಹತ್ರ ಎಲ್ಲ ಅನ್ನಿಸ್ಕೊಂಡ್ಲು."

ಮೋಹನ್ ಕುಮಾರ್ ಓಡಿ ಬಂದು ತೋಳು ಹಿಡಿದ. "ಅಮ್ಮ, ಏನಿದು, ಎಲ್ಲಾರೂ ನೋಡ್ತಾವ್ರೆ. ಒಳಗೆ ಬಾ."

"ನೀನು ಕೂಗ್ದಾಗ ಕೇಳಿಸ್ಕೊಂಡ್ರಲ್ಲ," ಎಂದು ಅವರು ಕೈ ಬಿಡಿಸಿಕೊಂಡರು. "ಇದನ್ನೂ ಕೇಳಿಸ್ಕೊಳ್ಲಿ."

ಬೀದಿಯಲ್ಲಿ ಯಾರೂ ಹತ್ತಿರಕ್ಕೆ ಬರಲಿಲ್ಲ. ನಾನು ಆಡಬೇಕೆಂದು ಜೋಡಿಸಿಟ್ಟಿದ್ದ ಮಾತೆಲ್ಲ ಅವರೇ ಆಡಿ ಮುಗಿಸಿದ್ದರು, ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ಪಕ್ಕಕ್ಕೆ ನೋಡಿದೆ. ಅತ್ತೆ ಅಲ್ಲಿರಲಿಲ್ಲ, ಆಗಲೇ ಮೆಟ್ಟಿಲಿಳಿಯುತ್ತಿದ್ದರು.

"ಬಾ ಲಗೂನ," ಎಂದು ತಿರುಗಿ ನೋಡದೆ ಹೇಳಿದರು. "ಅಷ್ಟ ಮಂದಿ ಮುಂದ ಆಕಿ ಒಬ್ಬಾಕೀನ ನಿಂತಾಳ."